ಕೊಡಂಬಲದ ಬೇರೆ ಕಲ್ಲು

ಹಳ್ಳಿಯ ಮನೆಗಳಿಗೆ ಸ್ವಂತ ಉದ್ಯೋಗ ಹಚ್ಚಿಕೊಡುವ ನೌಕರಿಗೆ ಹೊಸದಾಗಿ ಸೇರಿದ ಹುಡುಗರು ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಮಸ್ಕಾರ ಮಾಡಿ, ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ: "ಎಷ್ಟ್ ತಿಳಿಸಿ ಹೇಳಿದ್ರೂ ಮಂದಿ ಕೇಳಂಗಿಲ್ರಿ, ಏನ್ ಮಾಡಬೇಕ್ರಿ?" ನನಗೆ ಥಟ್ಟನೆ ಸಿಟ್ಟು ಬರುತ್ತದೆ. ಯಾಕೆ ಕೇಳಬೇಕಪ್ಪ ನಿಮ್ಮ ಮಾತು? ನೀವು ನಿನ್ನೆ ಬಂದವರು, ನಾಳೆ ವರ್ಗವಾಗಿ ಹೋಗುವವರು. ಅವರು ಅದೇ ಊರಲ್ಲಿ, ಅದೇ ನೆರೆಹೊರೆಯ ಕಣ್ಣ ಮುಂದೆ ಬಾಳಬೇಕಾದವರು. ಹೀಗೆ ಬೈದುಬಿಟ್ಟು ಆಮೇಲೆ ನನಗೇ ಪಾಪ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ನಾನೂ ಇದನ್ನೇ ಗೊಣಗುತ್ತ ಊರೂರು ತಿರುಗಿದವನು. ಅದಕ್ಕೇ ಇದನ್ನು ಬರೆಯಲು ಕೂತೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ಶಹಬಾಸ್ ಅಂದರು ಎಂಬುದು ಇದರಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಸೇರಿದ್ದು ನಿಜಾಮರ ಕಾಲದಲ್ಲಿ, ಮೂವತ್ತರ ದಶಕ ಮುಗಿಯುತ್ತ ಬಂದಾಗ. ಕಚೇರಿ ಹುಮನಾಬಾದಿನಲ್ಲಿ. ಚಿಟಗುಪ್ಪ, ಹಳ್ಳಿಖೇಡ, ಕಲ್ಯಾಣ — ಈಗ ನೀವೆಲ್ಲ ಬಸವಕಲ್ಯಾಣ ಅನ್ನುತ್ತೀರಿ — ಈ ಸುತ್ತಿನ ಹಳ್ಳಿಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಹೊಲವಿದ್ದೂ ವರ್ಷವಿಡೀ ಹೊಟ್ಟೆ ತುಂಬದ ಮನೆಗಳಿದ್ದವಲ್ಲ, ಅಂಥ ಮನೆಗಳಿಗೆ ಬೇಸಾಯದ ಜೊತೆಗೆ ಇನ್ನೊಂದು ಧಂದೆ ಹಚ್ಚಿಕೊಡುವುದು ಕೆಲಸ. ಹೇಳುವುದಕ್ಕೆ ಸುಲಭ. ಸೈಕಲ್ಲು ನನ್ನದೇ, ರಸ್ತೆ ಯಾರದೂ ಅಲ್ಲ. ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಸೈಕಲ್ಲು ನನ್ನ ಹೆಗಲ ಮೇಲೆ ಇರುತ್ತಿತ್ತು.

ನಮ್ಮ ಮೇಲಧಿಕಾರಿಯನ್ನು ಮೊಹತಮಿಮ್ ಸಾಹೇಬರು ಎಂದು ಕರೆಯುತ್ತಿದ್ದೆವು. ಹೈದರಾಬಾದ್ ಶಹರದವರು. ಶೇರವಾನಿಯ ಗುಂಡಿ ಒಂದೂ ಬಿಚ್ಚದೆ ಬೇಸಿಗೆ ಕಳೆಯುತ್ತಿದ್ದ ಮನುಷ್ಯ, ಮನಸ್ಸು ಮಾತ್ರ ಬೆಣ್ಣೆ. ನಮ್ಮ ಮಾತುಕತೆಯೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರಿಗೆ ಒಂದೇ ಖಯಾಲಿ: ಹೊಸದು ಏನಾದರೂ ಕೊಟ್ಟರೆ ಬಡತನ ಓಡಿಹೋಗುತ್ತದೆ ಎಂದು.

ಒಂದು ಸಂಜೆ ಹೈದರಾಬಾದಿನ ಮೋಟಾರಿನ ನೆತ್ತಿಯಿಂದ ಬುಟ್ಟಿ ಬುಟ್ಟಿ ಬಿಳಿ ಕೋಳಿಗಳು ಇಳಿದವು. ವಿಲಾಯತಿ ತಳಿ. "ಕೊಡಂಬಲದ ರೈತರ ಮನೆಗಳಿಗೆ ಹಂಚಿ ಬಾ. ದಿನವೂ ಮೊಟ್ಟೆ ಇಡುತ್ತವೆ, ಮೊಟ್ಟೆ ಮಾರಿ ಬದುಕುತ್ತಾರೆ" ಎಂದು ಸಾಹೇಬರ ಹುಕುಂ. ನಾನು ಹುಟ್ಟಿನಿಂದ ಮೊಟ್ಟೆ ಮುಟ್ಟಿದವನಲ್ಲ. ಕೊಡಂಬಲದ ಆ ಓಣಿಯಲ್ಲಿ ಮನೆಮನೆಗೂ ಲಿಂಗ ಕಟ್ಟಿದವರು. ಇಷ್ಟು ತಿಳಿದೂ ಬಾಯಿ ಮುಚ್ಚಿಕೊಂಡು ಇಮಾಮಸಾಬನ ಬಂಡಿಯಲ್ಲಿ ಕೋಳಿ ಹೇರಿಕೊಂಡು ಹೊರಟೆ. ಇಮಾಮಸಾಬ ಹುಮನಾಬಾದಿನ ಬಾಡಿಗೆ ಬಂಡಿಯವನು. ದಾರಿಯುದ್ದಕ್ಕೂ ನನ್ನ ಮುಖ ನೋಡಿ ಮುಸಿಮುಸಿ ನಗುತ್ತಿದ್ದ.

ಊರ ಗೌಡರು ಬುಟ್ಟಿಯೊಳಗೆ ಇಣುಕಿ ನೋಡಿ ಗಂಭೀರವಾಗಿಯೇ ಕೇಳಿದರು: "ಕೊರಳಾಗ ಲಿಂಗ, ಅಂಗಳದಾಗ ಕೋಳಿ. ಜಂಗಮರು ಭಿಕ್ಷಾಕ್ಕ ಬಂದ್ರ ನಾವು ಏನ್ ಹೇಳೂದ್ರಿ?"

"ಹುಕುಂ ಅದರಿ ಗೌಡ್ರ" ಎಂದೆ.

"ಹುಕುಂ ಅಂದ್ರ ನೀವs ಸಾಕಿಕೊಳ್ರಿ" ಎಂದರು.

ಊರೆಲ್ಲ ನಕ್ಕಿತು. ಬಂಡಿ ತಿರುಗಿತು. ದಾರಿಯಲ್ಲಿ ಒಂದು ಕೋಳಿ ಬುಟ್ಟಿಯಿಂದ ಹಾರಿ ಜೋಳದ ಹೊಲಕ್ಕೆ ನುಗ್ಗಿತು. ಸರ್ಕಾರದ ಆಸ್ತಿ ಎಂದು ಅದರ ಹಿಂದೆ ಧೋತರ ಎತ್ತಿಕಟ್ಟಿಕೊಂಡು ಓಡಿದೆ. ಕೊಯ್ಯುತ್ತಿದ್ದವರೆಲ್ಲ ಕುಡುಗೋಲು ಬಿಟ್ಟು ನೋಡಿದರು. ಅಂದಿನಿಂದ ಆ ಸೀಮೆಯಲ್ಲಿ ನನ್ನ ಹೆಸರು ಹೋಯಿತು, 'ಕೋಳಿ ಸಾಹೇಬ' ಎಂಬುದು ಉಳಿಯಿತು. ಅಷ್ಟೂ ಕೋಳಿಗಳನ್ನು ಕೊನೆಗೆ ಇಮಾಮಸಾಬನ ಹೆಂಡತಿ ರಾಜಾಬಿ "ಇಲ್ಲಿ ಬಿಡ್ರಿ, ನಾ ನೋಡಿಕೋತೀನಿ" ಎಂದು ತನ್ನ ಹಿತ್ತಲಿಗೆ ಇಳಿಸಿಕೊಂಡಳು. ಆಕೆ ಮೊಟ್ಟೆಯನ್ನು ಮುಸಾಫಿರ ಬಂಗಲೆಗೂ ಪೇಟೆಯ ಹೋಟೆಲುಗಳಿಗೂ ಹಚ್ಚಿ, ವರ್ಷ ಕಳೆಯುವಷ್ಟರಲ್ಲಿ ಗಂಡನಿಗೆ ಇನ್ನೊಂದು ಜೊತೆ ಎತ್ತು ಕೊಡಿಸಿದಳು. ಕೊಡುವ ವಸ್ತುವಿಗಿಂತ ಅದು ಯಾರ ಅಂಗಳಕ್ಕೆ ಹೊಂದುತ್ತದೆ ಅನ್ನುವುದನ್ನು ಮೊದಲು ನೋಡಬೇಕು ಎಂದು ನಾನು ಕಲಿತದ್ದು ಅಲ್ಲಿ. ಕಲಿತೆ ಅಂದುಕೊಂಡೆ, ಅಷ್ಟೇ. ಪೂರ್ತಿ ಕಲಿತದ್ದು ಆಮೇಲೆ, ಅದೇ ಕೊಡಂಬಲದಲ್ಲಿ.

ಅದು ಶ್ರಾವಣದ ದಿನ. ಮಳೆಗೆ ಸಿಕ್ಕಿ ತೊಯ್ದು ತೊಪ್ಪೆಯಾಗಿ ಗುರಪ್ಪ ಎಂಬ ರೈತನ ಮನೆಯ ಪಡಸಾಲೆ ಹತ್ತಿದೆ. ನಾಲ್ಕು ಜನ ತಿನ್ನುವಷ್ಟು ಹೊಲವಿದ್ದ ಮನೆ, ಆದರೂ ಸೊರಗಿತ್ತು. ಗುರಪ್ಪ ಕಂಬಳಿ ಹೊದ್ದು ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದ. ಅವನ ಹೆಂಡತಿ ಶರಣಮ್ಮ ರೊಟ್ಟಿ, ಬೇಳೆ ತಂದಿಟ್ಟು ತಾನೇ ನಾಚಿಕೊಂಡಳು.

"ಪ್ಯಾಟಿ ಬೇಳಿರಿ. ಎಷ್ಟ್ ಕುದಿಸಿದ್ರೂ ಬೇಯಂಗಿಲ್ಲ. ಹಳೇದು ಕೊಡತಾರ."

"ನೀವು ತೊಗರಿ ಬೆಳಿಯೋರು. ಪ್ಯಾಟಿ ಬೇಳಿ ಯಾಕ?"

"ಸಂಕ್ರಾಂತಿ ಆದ ಕೂಡ್ಲೆ ತೊಗರಿ ಎಲ್ಲಾ ಹುಮನಾಬಾದಿಗಿ ಹೋಗತದರಿ. ಮನಿಗಿ ಇಟ್ಟಿದ್ದು ಮಳಿಗಾಲಕ್ಕ ಸಾಲಂಗಿಲ್ಲ."

ಹೀಗೆ ಇತ್ತು ಅಂದಿನ ನಡೆ. ರೈತ ಇಡೀ ತೊಗರಿ ಮಾರುತ್ತಿದ್ದ. ಪೇಟೆಯಲ್ಲಿ ಅದನ್ನು ಒಡೆಸಿ ಬೇಳೆ ಮಾಡಿ ಲಾಭಕ್ಕೆ ಮಾರುತ್ತಿದ್ದರು. ಆ ಬೇಳೆಯನ್ನೇ ರೈತ ಮಳೆಗಾಲದಲ್ಲಿ ತಿರುಗಿ ಕೊಳ್ಳುತ್ತಿದ್ದ. ಸಿಪ್ಪೆ, ನುಚ್ಚು ಮನೆಯಲ್ಲೇ ಉಳಿದಿದ್ದರೆ ದನ ತಿನ್ನುತ್ತಿದ್ದವು, ಅದೂ ಹೋಗುತ್ತಿತ್ತು. ಸುಗ್ಗಿ ಮುಗಿದು ಹೋಳಿ ಹುಣ್ಣಿಮೆ ಕಳೆದರೆ ಮನೆಯ ಗಂಡಸರಿಗೆ ಊರಲ್ಲಿ ಕೆಲಸವಿಲ್ಲ, ಡಬ್ಬಿಯಲ್ಲಿ ಕಾಳಿಲ್ಲ. ಮುಕಾದಮ ಬಂದು ಮಂದಿ ಕೂಡಿಸಿಕೊಂಡು ಸೊಲ್ಲಾಪುರದ ಬಟ್ಟೆ ಗಿರಣಿಗೆ ಕರೆದೊಯ್ಯುತ್ತಿದ್ದ. ಬಿತ್ತನೆಗೆ ಬರುವ ಮಿರಗದ ಮಳೆಗೆ ವಾಪಸು. ಗುರಪ್ಪನೂ ಪ್ರತಿ ಬೇಸಿಗೆ ಹೋಗುತ್ತಿದ್ದ.

"ಹತ್ತಿ ಧೂಳು ಎದ್ಯಾಗ ಕುಂತಾದರಿ" ಎಂದಳು ಶರಣಮ್ಮ. ಧ್ವನಿ ತಗ್ಗಿಸಲಿಲ್ಲ, ಗಂಡನಿಗೆ ಕೇಳಲಿ ಎಂದೇ ಹೇಳಿದಂತಿತ್ತು. "ಈ ಸಲ ಹ್ಯಾಂಗೋ ತಿರುಗಿ ಬಂದಾರ. ಮುಂದಿನ ಸಲದ್ದು ನನಗ ಹೇಳಾಕ ಬರಂಗಿಲ್ಲ."

ನನಗೆ ಉತ್ಸಾಹ ಉಕ್ಕಿತು. ತೊಗರಿ ಮಾರಬೇಡಿ, ಮನೆಯಲ್ಲೇ ಒಡೆದು ಬೇಳೆ ಮಾರಿ ಎಂದೆ. ಆಕೆಯ ಮುಖ ಕೆಂಪಾಯಿತು.

"ಬೀಸಿ ತಿನ್ನೋರಂತ ತಿಳದೀರೇನ್ರಿ ನಮಗ?"

ಆ ಕಾಲದಲ್ಲಿ ಪರರಿಗಾಗಿ ಬೀಸುವುದು ದಿಕ್ಕಿಲ್ಲದವರ ಕೊನೆಯ ದಾರಿ. ಗಂಡ ಸತ್ತು, ಹೊಲ ಹೋಗಿ, ಬೇರೆ ಗತಿಯಿಲ್ಲದ ಹೆಂಗಸು ಮಂದಿಯ ಮನೆಯ ಹಿಟ್ಟು ಬೀಸುತ್ತಿದ್ದಳು. ಗಂಡನಿರುವಾಗ, ಹೊಲವಿರುವಾಗ ಕಲ್ಲು ತಿರುವಿ ದುಡ್ಡು ಎಣಿಸುವುದೆಂದರೆ ಊರಿಗೆಲ್ಲ ಡಂಗುರ ಹೊಡೆದು 'ನಾವು ಕೆಟ್ಟೆವು' ಎಂದಂತೆ. ಒಳಗಿನಿಂದ ಗುರಪ್ಪನ ತಾಯಿ ನಿಂಗಮ್ಮನ ಧ್ವನಿ ಬಂತು:

"ಯಾರಂವಾ? ಕೋಳಿ ತಂದಿದ್ದನಲ್ಲ, ಅಂವೇನು? ಆಗ ಕೋಳಿ ಆತು, ಈಗ ಬೀಸೂದು. ಮುಂದಿನ ಸಲ ಒಂಟಿ ತರತಾನೇನು?"

ನಾನು ರೊಟ್ಟಿ ನುಂಗಿ, ನೀರು ಕುಡಿದು, ಮಳೆಯಲ್ಲೇ ಸೈಕಲ್ಲು ಎತ್ತಿಕೊಂಡೆ.

ಆದರೂ ಆ ಕೆಮ್ಮು ಕಿವಿಯಿಂದ ಹೋಗಲಿಲ್ಲ. ಕೊಡಂಬಲದ ಕಡೆ ಹೋದಾಗಲೆಲ್ಲ ಆ ಪಡಸಾಲೆಯಲ್ಲಿ ಕೂತೆ. ಬೇಳೆಯ ಸುದ್ದಿ ಎತ್ತಲಿಲ್ಲ. ಗುರಪ್ಪನಿಗೆ ಸೊಲ್ಲಾಪುರದ ಮಾತು ತೆಗೆದರೆ ಖುಷಿ. ಗಿರಣಿಯ ಭೋಂಗಾದ ಕೂಗು, ಚಾಳಿನ ಜಗಳ, ನೀರಿನ ಪಾಳಿ ಎಲ್ಲ ಹೇಳುತ್ತಿದ್ದ. ಒಂದು ದಿನ ಅಲ್ಲಿನ ಖಾನಾವಳಿಯ ಮಾತು ಬಂತು. ಕಲ್ಯಾಣದ ಕಡೆಯ ಹೆಣ್ಣುಮಗಳೊಬ್ಬಳು ನಡೆಸುತ್ತಿದ್ದಳಂತೆ. ನಮ್ಮ ಸೀಮೆಯ ಕೂಲಿಯವರೆಲ್ಲ ಅಲ್ಲೇ ಉಣ್ಣುವುದಂತೆ.

"ರೊಟ್ಟಿ ಚೊಲೊ ಬಡಿತಾಳ್ರಿ. ಬೇಳಿ ಮಾತ್ರ ನೀರು ಬ್ಯಾರೆ, ಕಾಳು ಬ್ಯಾರೆ. 'ನಮ್ಮ ಕಡಿ ಬೇಳಿ ಸಿಕ್ಕರ ನಾ ಎಷ್ಟರೆ ತಗೋತೀನಿ' ಅಂತ ಆಕಿನೇ ಅಂತಾಳ" ಎಂದ.

ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು. ಶರಣಮ್ಮ ಹೊರಗೆ ಬಂದಳು.

"ಏನ್ ಅಂದ್ರಿ? ಎಷ್ಟರೆ ತಗೋತಾಳ?"

"ಅಂತಾಳಪಾ, ಮಾತಿಗಿ."

ಆಕೆ ನನ್ನ ಕಡೆ ತಿರುಗಿದಳು. "ನೋಡ್ರಿ, ಕೂಲಿ ಬೀಸಂಗಿಲ್ಲ ನಾ. ನಮ್ಮ ಹೊಲದ ತೊಗರಿ, ನಮ್ಮ ಕೈಲೆ ಮಾಡಿದ್ದು, ನಮ್ಮ ಚೀಲದಾಗ ಹೋಗಬೇಕು. ಇಷ್ಟರ ಮ್ಯಾಲೆ ಮಂದಿ ಏನರೆ ಅಂದ್ರ ಅನ್ಲಿ. ಹೋಳಿ ಮುಗದು ಮುಕಾದಮ ಬರೂದ್ರಾಗ ಬೇಳಿ ತಯಾರ್ ಮಾಡಿ ತೋರಸತೀನಿ. ಆಗ ಇವ್ರು ಸೊಲ್ಲಾಪುರಕ್ಕ ಹೋಗಬಾರದು."

ಗುರಪ್ಪ ಛಾವಣಿ ನೋಡುತ್ತ, "ಮೊದಲ ಮಾಡು. ಆಮ್ಯಾಲೆ ನೋಡೂಣು" ಎಂದ.

ಸಂಕ್ರಾಂತಿ ಬಂತು. ತೊಗರಿ ಒಕ್ಕಿಯಾಯಿತು. ಆ ಮನೆಯವರು ಅರ್ಧ ತೊಗರಿಯನ್ನು ಪೇಟೆಗೆ ಕಳಿಸದೆ ಹಿಡಿದಿಟ್ಟರು. ಅದು ಎಂಥ ಧೈರ್ಯದ ಕೆಲಸ ಎಂದು ಸಂಬಳದ ಮೇಲೆ ಬದುಕಿದ ನಮಗೆ ತಿಳಿಯುವುದಿಲ್ಲ. ಶರಣಮ್ಮ ಮೊದಲು ಕೆಲವು ಚೀಲದ ಕಾಳು ನೆನೆಹಾಕಿದಳು, ಕೆಮ್ಮಣ್ಣು ಕಲಸಿ ಹಚ್ಚಿದಳು, ಮಾಳಿಗೆಯ ಮೇಲೆ ಒಣಗಿಸಿದಳು. ಹೀಗೆ ಮಾಡಿದರೆ ಸಿಪ್ಪೆ ಹಗುರವಾಗಿ ಬಿಡುತ್ತದೆ, ಬೇಳೆ ನುಚ್ಚಾಗದೆ ಇಡಿಯಾಗಿ ಬೀಳುತ್ತದೆ. ಓಣಿಯ ಹೆಂಗಸರು ಕೈಜೋಡಿಸಲು ಬಂದರು. ಮನೆಯ ಬೀಸುಕಲ್ಲು ಹಾಡಿನೊಡನೆ ತಿರುಗಿತು. ನಾನು ಹುಮನಾಬಾದಿಗೆ ಹೋಗಿ, ಮೊದಲ ಹೇರಿಗೆಂದು ಇಮಾಮಸಾಬನ ಬಂಡಿಯನ್ನೇ ಹೂಡಿಸಿಕೊಂಡು ಡೌಲಿನಿಂದ ಬಂದೆ.

ಪಡಸಾಲೆಯಲ್ಲಿ ಒಂದು ಚೀಲವೂ ಪೂರ್ತಿ ತುಂಬಿರಲಿಲ್ಲ.

"ಬೇಳಿ ಎಲ್ಲಿ?" ಎಂದೆ.

ಶರಣಮ್ಮ ಅತ್ತೆಯ ಕಡೆ ನೋಡಿದಳು. ನಿಂಗಮ್ಮನೇ ಸಂತೋಷದಿಂದ ಹೇಳಿದಳು. ಹೊಸ ಬೇಳೆಯಲ್ಲವೇ? ಕೈಜೋಡಿಸಿದ ಹೆಂಗಸರಿಗೆ ಒಂದೊಂದು ಮೊರ. ಜಂಗಮರಿಗೆ, ಬಡಿಗನಿಗೆ, ಕಮ್ಮಾರನಿಗೆ, ಅಗಸನಿಗೆ. ಹಳ್ಳಿಖೇಡಕ್ಕೆ ಕೊಟ್ಟ ಮಗಳ ಮನೆಗೆ. ಬಾಣಂತಿ ಇದ್ದ ಮನೆಗೆ ಒಂದು ಮೊರ ಜಾಸ್ತಿ. ವರ್ಷವೂ ನಡೆಯುವುದೇ ಇದು. ಈ ವರ್ಷ ಬೇಳೆ ಹೆಚ್ಚಾಗಿತ್ತು, ಕೈಯೂ ದೊಡ್ಡದಾಯಿತು.

"ಅಯ್ಯೋ ಅಜ್ಜಿ, ಅದು ಮಾರೋ ಬೇಳಿ!" ಎಂದು ಕೂಗಿಬಿಟ್ಟೆ.

"ಕೂಗಬ್ಯಾಡ್ರಿ. ನಿಮಗೂ ಎತ್ತಿಟ್ಟೀನಿ" ಎಂದು ಮೊರದ ತುಂಬ ತಂದು ನನ್ನ ಮುಂದೆ ಇಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಮಾಮಸಾಬ ಮಾತ್ರ ತನ್ನ ಪಾಲನ್ನು ಹೆಗಲ ಮೇಲಿನ ವಲ್ಲಿಗೆ ಕಟ್ಟಿಕೊಂಡು, "ಅಲ್ಲಾ ನಿನ್ನ ಕೈ ಹಿಂಗs ಇಡ್ಲಿ ಯವ್ವಾ" ಎಂದ.

ಶರಣಮ್ಮನಿಗೆ ತಡೆಯಲಾಗಲಿಲ್ಲ. "ಅತ್ತಿ, ನಿಮ್ಮ ಮಗನ ಸಲುವಾಗಿ ಮಾಡಾಕತ್ತೀನಿ ಇದನ್ನ. ಹಿಂಗ ಹಂಚಿದ್ರ ಹ್ಯಾಂಗ?"

"ಕಲ್ಲು ನಮ್ಮತ್ತೀದು" ಎಂದಳು ನಿಂಗಮ್ಮ. "ಅದರಾಗ ಒಡದಿದ್ದು ನಾಕು ಮನಿಗಿ ಹೋಗಿನೇ ಉಳಿಬೇಕು. ಆ ಕಲ್ಲಿನ ಮ್ಯಾಲಿಂದು ಮಾರಾಕ ನನ್ನ ಕೈಲೆ ಆಗಂಗಿಲ್ಲ."

"ಹಂಗಾದ್ರ ನನಗ ಬ್ಯಾರೆ ಕಲ್ಲು ಬೇಕು."

ನನಗೆ ಎಷ್ಟು ಸಂತೋಷವಾಯಿತೆಂದರೆ ಚಪ್ಪಾಳೆ ತಟ್ಟುವುದೊಂದೇ ಬಾಕಿ. ಎಂಥ ಸರಳ ಉಪಾಯ! ಮನೆಯ ಕಲ್ಲು ಮನೆಗೆ, ಪೇಟೆಯ ಕಲ್ಲು ಪೇಟೆಗೆ. ಮರುದಿನವೇ ಕಲ್ಯಾಣಕ್ಕೆ ಹೋದೆ. ಕೋಟೆಯ ಕೆಳಗಿನ ಕಲ್ಲುಕುಟಿಗನಿಗೆ ದೊಡ್ಡ ಬೀಸುಕಲ್ಲು ಹೇಳಿದೆ. 'ಬ್ಯಾರೆ ಕಲ್ಲು' ಎಂಬ ಮಾತು ಬಿದ್ದ ಕ್ಷಣದಿಂದ ನಿಂಗಮ್ಮ ಬಾಯಿ ಮುಚ್ಚಿದ್ದನ್ನು ಗಮನಿಸಿದ್ದರೆ ಮುಂದಿನದು ತಪ್ಪುತ್ತಿತ್ತೋ ಏನೋ.

ಕಲ್ಲು ತಯಾರಾದ ದಿನ ಕಲ್ಯಾಣದ ಸಂತೆ. ಬಂಡಿಗೆ ಹೇರಿಸುತ್ತಿದ್ದಾಗ ಕೊಡಂಬಲದ ಕಡೆಯ ದನದ ವ್ಯಾಪಾರಿಯೊಬ್ಬ ನಿಂತು ನೋಡಿದ. "ಗುರಪ್ಪನ ಮನಿಗೇನ್ರಿ ಇದು? ಖರೇ ಆತಲ್ಲ ಹಂಗಾದ್ರ. ಸೊಸಿ ಬ್ಯಾರೆ ಕಲ್ಲು ಕೇಳ್ಯಾಳಂತ, ಮನಿ ಪಾಲಾಗಾಕತ್ತದಂತ. ಛೇ, ಚೊಲೊ ಮನಿ ಇತ್ತು."

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಸೀಮೆಯಲ್ಲಿ ಸೊಸೆ ಬೇರೆ ಒಲೆ, ಬೇರೆ ಕಲ್ಲು ಕೇಳಿದಳೆಂದರೆ ಅತ್ತೆಯಿಂದ ಬೇರೆಯಾಗುತ್ತೇನೆ ಎಂದೇ ಅರ್ಥ. ಹಂಚಿಕೆ ಶುರುವಾಗುವುದೇ ಅಲ್ಲಿಂದ. ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವನು, ನನ್ನ ತಾಯಿ ಚಿಕ್ಕಮ್ಮಂದಿರು ಬೇರೆಯಾದಾಗಲೂ ಮೊದಲು ಮನೆಗೆ ಬಂದದ್ದು ಕಲ್ಲೇ. ಅಷ್ಟು ಗೊತ್ತಿದ್ದೂ ಧಂದೆಯ ಹುರುಪಿನಲ್ಲಿ ಮರೆತಿದ್ದೆ. "ಹೊಡಿ ಇಮಾಮಸಾಬ, ಜಲ್ದಿ ಹೊಡಿ" ಎಂದೆ. "ಕಲ್ಲಿನ ಬಂಡಿ ಅದ ಸಾಹೇಬ್ರ, ಕುದುರಿ ಅಲ್ಲ" ಎಂದ ಅವನು.

ಕೊಡಂಬಲದ ಅಗಸಿಬಾಗಿಲಲ್ಲಿ ಮಂದಿ ಕೂಡಿತ್ತು. ನಿಂಗಮ್ಮ ಗಂಟು, ತಂಬಿಗೆ ಮುಂದಿಟ್ಟುಕೊಂಡು ಅಗಸಿಯ ಕಟ್ಟೆಯ ಮೇಲೆ ಕೂತಿದ್ದಳು. ಪಾಲು ಮಾಡಿಸಲು ಹಳ್ಳಿಖೇಡದಿಂದ ಆಕೆಯ ತಮ್ಮ ಬಂದಿದ್ದ, ಮೀಸೆ ತಿರುವಿಕೊಂಡು ನಿಂತಿದ್ದ. ಶರಣಮ್ಮ ಗೋಡೆಗೆ ಆನಿಕೊಂಡು ಕಣ್ಣು ಕೀಳದೆ ನೆಲ ನೋಡುತ್ತಿದ್ದಳು. ಗುರಪ್ಪನ ಹೆಗಲ ಮೇಲೆ ಸೊಲ್ಲಾಪುರದ ಗಂಟು ಏರಿಬಿಟ್ಟಿತ್ತು. ಹೋಳಿಗೆ ಇನ್ನೂ ದಿನವಿತ್ತು.

"ಕಲ್ಲು ವಾಪಸ್ ಒಯ್ರಿ ಸಾಹೇಬ್ರ" ಎಂದ ಗುರಪ್ಪ. "ತಾಯಿನ್ನ ಬೀದ್ಯಾಗ ಕುಂಡ್ರಿಸಿ ಬೇಳಿ ಮಾರೂದು ಬ್ಯಾಡ ನನಗ. ನಾ ಈಗs ಹೊಂಟೆ. ಮುಕಾದಮನ್ನ ಕಾಯಂಗಿಲ್ಲ."

ನಾನು ಬಂಡಿಯಿಂದ ಇಳಿದು ಭಾಷಣ ಶುರುಮಾಡಿದೆ. ಸ್ವಂತ ಉದ್ಯೋಗ, ಮನೆಯ ಆದಾಯ, ಸರ್ಕಾರದ ಉದ್ದೇಶ. ನಿಂಗಮ್ಮನ ತಮ್ಮ ಕೈ ಎತ್ತಿ ನಿಲ್ಲಿಸಿದ: "ಮನಿ ಮುರಿಯೂದೂ ನಿಮ್ಮ ಕಚೇರಿ ಕೆಲಸದಾಗ ಬರತದೇನ್ರಿ?"

ಇಮಾಮಸಾಬ ನಿಧಾನವಾಗಿ ನೊಗ ಇಳಿಸಿ, ಎತ್ತುಗಳ ಬೆನ್ನು ತಟ್ಟಿ, ಮುದುಕಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಕಲ್ಯಾಣದಿಂದ ಹೇರಿಕೊಂಡು ಬಂದೀನಿ. ಎತ್ತು ದಣದಾವ. ಎಲ್ಲಿ ಇಳಸಲಿ ಹೇಳು. ನೀ ಬ್ಯಾಡ ಅಂದ್ರ ಹಿಂದಕ್ಕ ಒಯ್ಯತೀನಿ. ಬ್ಯಾರೆ ಯಾರ ಮಾತೂ ನಾ ಕೇಳಂಗಿಲ್ಲ."

ಅಲ್ಲಿಯತನಕ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಸೊಸೆ ಕೇಳಿರಲಿಲ್ಲ, ಮಗ ಕೇಳಿರಲಿಲ್ಲ, ನಾನಂತೂ ಕೇಳಿರಲಿಲ್ಲ. ನಿಂಗಮ್ಮ ಎದ್ದು ಬಂಡಿಯ ಹತ್ತಿರ ಬಂದಳು. ಹುಲ್ಲು ಸರಿಸಿ ಕಲ್ಲು ನೋಡಿದಳು. ಅಂಗೈಯಿಂದ ಸವರಿದಳು.

"ಇದೇನ್ರೋ ಇದು? ಅರಿಷಿಣ ಇಲ್ಲ, ಕುಂಕುಮ ಇಲ್ಲ. ಬೋಳ ಹಣಿಲೆ ಕಲ್ಲು ತರತಾರೇನು ಊರಾಗ? ನಿಮಗ ಹಿರೇರು ಯಾರೂ ಇಲ್ಲೇನು?"

ಶರಣಮ್ಮ ಗೋಡೆ ಬಿಟ್ಟು ಬಂದಳು. "ಹಿರೇರು ನೀವs ಇದ್ದೀರಿ ಅತ್ತಿ. ನಾ ಬ್ಯಾರೆ ಒಲಿ ಕೇಳಿಲ್ಲ. ಪಾಲು ಕೇಳಿಲ್ಲ. ನಿಮ್ಮ ಮಗನ್ನ ಮನ್ಯಾಗ ಉಳಿಸ್ಕೋಬೇಕು ಅಂತ ಕಲ್ಲು ಕೇಳೀನಿ. ಅವರ ಕೆಮ್ಮು ನಿಮಗ ಕೇಳಸಂಗಿಲ್ಲೇನು?" ಎಂದವಳೇ ಅಷ್ಟು ಮಂದಿಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

ನಿಂಗಮ್ಮ ಮಗನ ಹೆಗಲ ಮೇಲಿನ ಗಂಟು ನೋಡಿದಳು. ಆಮೇಲೆ ಹೋಗಿ ಅದನ್ನು ಕಿತ್ತು ತಮ್ಮನ ಕೈಗೆ ಕೊಟ್ಟಳು.

"ಹಿಡಿ ಇದನ್ನ, ಸುಮ್ಮ ನಿಂತೀಯಲ್ಲ. ಇಮಾಮಾ, ನನ್ನ ಕಲ್ಲಿನ ಬಾಜೂಕ ಇಳಸು. ಒಂದ ಮನ್ಯಾಗ ಎರಡು ಕಲ್ಲು ಇರಬಾರದಂತ ಯಾರು ಹೇಳ್ಯಾರ? ಒಂದ ಮಾತು ಕೇಳು ಶರಣಿ. ಮೊದಲ ಮೊರ ಊರಿಗಿ ಹೋಗಬೇಕು. ಉಳಿದಿದ್ದು ಪ್ಯಾಟಿಗೆರೆ ಒಯ್ಯಿ, ಸೊಲ್ಲಾಪುರಕ್ಕರೆ ಒಯ್ಯಿ."

"ಹೌದ್ರಿ ಅತ್ತಿ."

"ಮತ್ತ ಆ ಕೋಳಿ ಸಾಹೇಬಗ ಚಾ ಮಾಡು. ಬೆವತು ಹೋಗ್ಯಾನ ಪಾಪ."

ಕಲ್ಲು ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಆರತಿ ಎತ್ತಿಸಿಕೊಂಡು ಒಳಗೆ ಹೋಯಿತು, ಥೇಟ್ ಹೊಸ ಸೊಸೆಯ ಹಾಗೆ. ಮೊದಲ ಹಿಡಿ ಕಾಳು ಹಾಕಿದರೆ ಬೇಳೆಯೂ ಇಲ್ಲ ನುಚ್ಚೂ ಇಲ್ಲ, ಬರೀ ಹಿಟ್ಟು. ಕಲ್ಯಾಣದ ಕುಟಿಗ ಜೋಳ ಬೀಸುವ ಕಲ್ಲಿಗೆ ಹಾಕುವಂತೆ ಚೂಪು ಹಲ್ಲು ಕಡಿದಿದ್ದ. ನಾನೂ ಬೇಳೆಗೆ ಎಂದು ಹೇಳಿರಲಿಲ್ಲ. ಉಸುಕು ಹಾಕಿ ತಿರುವಿ ಹಲ್ಲು ಮೊಂಡು ಮಾಡಬೇಕಾಯಿತು. ಪಾಲು ಮಾಡಿಸಲು ಬಂದ ಹಳ್ಳಿಖೇಡದ ತಮ್ಮನನ್ನೇ ನಿಂಗಮ್ಮ ಅದಕ್ಕೆ ಕೂರಿಸಿದಳು. ಮೀಸೆಯ ಮೇಲೆಲ್ಲ ಕಲ್ಲುಪುಡಿ ಬಿದ್ದು ಪಾಪದ ಮನುಷ್ಯ ಒಂದೇ ದಿನದಲ್ಲಿ ಮುದುಕನಾದ.

ಈ ನಡುವೆ ಮೊಹತಮಿಮ್ ಸಾಹೇಬರು ತನಿಖೆಗೆ ಬಂದರು. ಮಾಳಿಗೆಯ ಮೇಲೆ ಕೆಂಪಗೆ ಹರವಿದ ತೊಗರಿ ನೋಡಿ, "ತಿನ್ನುವ ವಸ್ತುವಿಗೆ ಮಣ್ಣು ಹಚ್ಚಿದ್ದಾರೆ!" ಎಂದು ಮೂಗಿಗೆ ಕರವಸ್ತ್ರ ಹಿಡಿದರು. ಆದರೆ ತೊಳೆದು ಬೇಯಿಸಿದ ಬೇಳೆ ರೊಟ್ಟಿಯ ಜೊತೆಗೆ ಮುಂದೆ ಬಂದಾಗ ಎರಡು ಸಲ ನೀಡಿಸಿಕೊಂಡರು. ಸೊಲ್ಲಾಪುರ ಆಗ ಬ್ರಿಟಿಷರ ಸೀಮೆ. ಗಡಿಯ ಸುಂಕದ ನಾಕಾದಲ್ಲಿ ರೈತರ ಸಾಮಾನು ಹಿಡಿದಿಟ್ಟು ಸತಾಯಿಸುತ್ತಿದ್ದರು. ಅದನ್ನು ಹೇಳಿದೆ. ಸಾಹೇಬರು ತಾವೇ ಹೋಗಿ ನಾಕಾದವರೊಡನೆ ಮಾತಾಡಿ ದಾರಿ ಸಲೀಸು ಮಾಡಿಕೊಟ್ಟರು. ಹುಡುಗರೇ, ಮೇಲಧಿಕಾರಿಗೆ ನಿಮ್ಮ ಊರಿನ ಅಂಗಳ ತಿಳಿಯದಿರಬಹುದು. ನಿಮ್ಮಿಂದ ತೆರೆಯಲಾಗದ ಬಾಗಿಲು ಅವರಿಂದ ತೆರೆಯುತ್ತದೆ. ಅದಕ್ಕೆ ಅವರನ್ನು ಬಳಸಿಕೊಳ್ಳಿ. ಸಾಹೇಬರು ಮೇಲಿನವರಿಗೆ ಮಾತ್ರ, ಹುಮನಾಬಾದ್ ಸುತ್ತಿನಲ್ಲಿ ಕೋಳಿ ಸಾಕಣೆ ಯಶಸ್ವಿಯಾಗಿದೆ ಎಂದೇ ಕೊನೆಯತನಕ ಹೇಳುತ್ತ ಬಂದರು. ರಾಜಾಬಿಯ ಹಿತ್ತಲು ನೋಡಿದರೆ ಅದೂ ಸುಳ್ಳಾಗಿರಲಿಲ್ಲ.

ಮುಂದೆ ಕೊಡಂಬಲದಲ್ಲಿ, ಪಕ್ಕದ ಮನ್ನಾಏಖೇಳ್ಳಿಯಲ್ಲಿ ಎಷ್ಟೋ ಮನೆಗಳಿಗೆ ಎರಡನೆಯ ಕಲ್ಲು ಬಂತು. ಪ್ರತಿ ಮನೆಗೂ ಕಲ್ಲು ಬರುವ ಮುಂಚೆ ನಾನು ಮನೆಯ ಹಿರಿಯ ಹೆಂಗಸಿನ ಮುಂದೆ ಕೂತು ಎಲ್ಲಿ ಇಳಿಸಲಿ ಎಂದು ಕೇಳುತ್ತಿದ್ದೆ; ಅದು ಇಮಾಮಸಾಬನಿಂದ ಕಲಿತದ್ದು, ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಎಲ್ಲರದೂ ಹಸನಾಯಿತು ಎಂದರೆ ನಂಬಬೇಡಿ. ಒಂದು ಮನೆಯವರು ಅವಸರಕ್ಕೆ ಹಸಿ ಬೇಳೆ ಕಟ್ಟಿ ಕಳಿಸಿದರು, ಅದು ಬೂಸ್ಟು ಹಿಡಿದು ಹೋಯಿತು. ಯುದ್ಧದ ವರ್ಷಗಳಲ್ಲಿ ಧಾನ್ಯದ ಮೇಲೆ ಸರ್ಕಾರದ ಕಟ್ಟು ಬಿದ್ದು ಕಲ್ಲುಗಳೇ ಸುಮ್ಮನಾದವು, ಒಂದಿಷ್ಟು ಗಂಡಸರು ಮತ್ತೆ ಸೊಲ್ಲಾಪುರದ ದಾರಿ ಹಿಡಿದರು. ಆಮೇಲೆ ಹುಮನಾಬಾದಿನಲ್ಲಿ ಬೇಳೆಯ ಯಂತ್ರಗಳು ಬಂದವು. ಈಗ ಕೈಕಲ್ಲಿನಲ್ಲಿ ಬೇಳೆ ಒಡೆಯಿರಿ ಎಂದು ಹೇಳಿದರೆ ನಿಮ್ಮನ್ನು ಓಡಿಸಿಯಾರು. ನಾನು ಹೇಳುತ್ತಿರುವುದು ಕಲ್ಲಿನ ಮಾತಲ್ಲ, ನೀವು ಜಾಣರು, ತಿಳಿದುಕೊಳ್ಳುತ್ತೀರಿ.

ಆ ಹೋಳಿ ಕಳೆದ ಮರುದಿನದ ಬೆಳಗು ಮಾತ್ರ ನನಗೆ ಮರೆತಿಲ್ಲ. ಮನ್ನಾಏಖೇಳ್ಳಿಯ ಸಡಕಿನ ಮೇಲೆ ಸೊಲ್ಲಾಪುರದ ಮೋಟಾರು ನಿಂತಿತ್ತು. ಮುಖದ ಬಣ್ಣ ಇನ್ನೂ ಹೋಗದ ಗಂಡಸರು ಗಂಟು ಹಿಡಿದು ಏರುತ್ತಿದ್ದರು. ಗುರಪ್ಪನೂ ಇಮಾಮಸಾಬನೂ ಬಂಡಿಯಿಂದ ಬೇಳೆ ಚೀಲ ಎತ್ತಿ ಮೋಟಾರಿನ ನೆತ್ತಿಗೆ ಹಾಕುತ್ತಿದ್ದರು. ಹೊರಟ ಗುಂಪಿನಲ್ಲಿ ಗುರಪ್ಪನ ಗೆಳೆಯನೊಬ್ಬನಿದ್ದ. ಚೀಲಗಳನ್ನು ಖಾನಾವಳಿಗೆ ಮುಟ್ಟಿಸುತ್ತೇನೆಂದು ಒಪ್ಪಿಕೊಂಡಿದ್ದ.

ಮುಕಾದಮ ಬಾಗಿಲಲ್ಲಿ ನಿಂತು ಕೂಗಿದ: "ಏ ಗುರಪ್ಪ, ಏರೋ ಜಲ್ದಿ. ಜಾಗಾ ಹಿಡದೀನಿ ನಿನಗ."

ಗುರಪ್ಪ ಕೊನೆಯ ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ. ಮೇಲೆ ಜಾಗವಿರಲಿಲ್ಲ. ಅದನ್ನು ಹೊತ್ತುಕೊಂಡೇ ಬಾಗಿಲಿಗೆ ಹೋಗಿ, ಮುಕಾದಮ ತೋರಿಸಿದ ಜಾಗದಲ್ಲಿ ಚೀಲ ಇಟ್ಟು ಕೆಳಗಿಳಿದ.

"ಆ ಜಾಗಾದಾಗ ಇದು ಹೋಗಲಿ ಮುಕಾದಮರ. ನಾ ಬರಂಗಿಲ್ಲ."

ಮೋಟಾರು ಹೊರಟಿತು. ಧೂಳು ಎದ್ದಿತು, ಅವನು ಒಂದಿಷ್ಟು ಕೆಮ್ಮಿದ, ವಲ್ಲಿಯಿಂದ ಬಾಯಿ ಒರೆಸಿಕೊಂಡ. ಸಡಕು ಖಾಲಿಯಾದ ಮೇಲೂ ಅಲ್ಲೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿ, ಹೊಸ ಊರಿಗೆ ಬಂದವನ ಹಾಗೆ ಕೇಳಿದ:

"ಸಾಹೇಬ್ರ, ಬ್ಯಾಸಗ್ಯಾಗ ಊರಾಗ ಏನ್ ಮಾಡತಾರ್ರಿ? ಮೀಸಿ ಬಂದಾಗಿಂದ ನಾ ಒಂದು ಬ್ಯಾಸಗೀನೂ ಊರಾಗ ಇದ್ದಿಲ್ರಿ."

ಇಮಾಮಸಾಬ ಎತ್ತಿನ ಕೊರಳಿಗೆ ನೊಗದ ಜತ್ತಿಗೆ ಕಟ್ಟುತ್ತ ಹೇಳಿದ:

"ಏರು ಬಂಡಿ. ಮನ್ಯಾಗ ನಿನ್ನ ಹೆಂಡತಿ ದಾರಿ ನೋಡಾಕತ್ತಾಳ, ಮೊದಲ ಮನಿಗಿ ಹೋಗೂದು ಮಾಡು."